ಆವಣಿಯಲ್ಲಿ ನಾಲ್ಕು ಲಿಂಗ ಯಾಕೆ?

ವೀಕ್ಷಕರೇ, ಕೋಲಾರ ದಾಟಿ ತಿರುಪತಿ ಕಡೆ ಹೋಗುವಾಗ ಮುಳಬಾಗಿಲು ಸಿಗುತ್ತಲ್ಲ, ಅದೇ ತಾಲ್ಲೂಕಿನಲ್ಲಿದೆ ಆವಣಿ. ಬೆಟ್ಟದ ಬುಡದಲ್ಲಿ ಒಂದೇ ಪ್ರಾಕಾರದೊಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಗುಡಿಗಳು. ನೊಳಂಬರ ಕಾಲದವು, ಸುಮಾರು 10ನೇ ಶತಮಾನ. ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇದು ಇತಿಹಾಸ ಹೇಳುವ ಮಾತು.

ಊರಿನವರು ಹೇಳುವ ಕಥೆ ಬೇರೆ. ವಾಲ್ಮೀಕಿ ಆಶ್ರಮ ಇದ್ದದ್ದು ಇಲ್ಲೇ, ಲವ-ಕುಶ ಹುಟ್ಟಿದ್ದು ಇಲ್ಲೇ, ಅಶ್ವಮೇಧದ ಕುದುರೆ ಕಟ್ಟಿಹಾಕಿದ್ದೂ ಇಲ್ಲೇ. ಯಾರ ಮಕ್ಕಳು ಅಂತ ಗೊತ್ತಿಲ್ಲದೆ ಅಪ್ಪ, ಚಿಕ್ಕಪ್ಪಂದಿರು ಬಿಲ್ಲೆತ್ತಿದರು. ಆ ಪಾಪ ಕಳೆದುಕೊಳ್ಳಲು ನಾಲ್ವರೂ ಒಂದೊಂದು ಲಿಂಗ ಸ್ಥಾಪಿಸಿದರು.

ನೋಡಿ, ವಾಲ್ಮೀಕಿ ರಾಮಾಯಣದಲ್ಲಿ ಈ ಯುದ್ಧವೇ ಇಲ್ಲ. ಅಲ್ಲಿ ಲವ-ಕುಶರು ಯಾಗಕ್ಕೆ ಬಂದು ರಾಮಾಯಣ ಹಾಡುತ್ತಾರೆ, ಅಷ್ಟೇ. ಕನ್ನಡಿಗರಿಗೆ ಈ ಕಾಳಗ ಗೊತ್ತಾಗಿದ್ದು ಲಕ್ಷ್ಮೀಶನ ಜೈಮಿನಿ ಭಾರತದಿಂದ. (ಕೋಲಾರದ ಕಡೆಯವರಿಗೆ 1963ರ ಎನ್‌ಟಿಆರ್ ಅವರ 'ಲವಕುಶ' ಸಿನಿಮಾದಿಂದ ಅಂದರೂ ತಪ್ಪಿಲ್ಲ.)

ಆದರೆ ಯುದ್ಧಕ್ಕೆ ಕಾರಣರಾದವರು ರಾಮನೊಬ್ಬನೇ ಅಲ್ವಲ್ಲ? ಮತ್ತೆ ನಾಲ್ಕು ಲಿಂಗ ಯಾಕೆ?

ಉತ್ತರಕಾಂಡ ತೆಗೆದು ನೋಡಿ. ಸೀತೆಯನ್ನು ಬಿಡುವ ತೀರ್ಮಾನ ರಾಮನದು. ತಮ್ಮಂದಿರನ್ನು ಕರೆಸಿ, ಯಾರೂ ಎದುರು ಮಾತಾಡಬೇಡಿ ಅಂತಾನೆ. ಭರತ ಆ ಸಭೆಯಲ್ಲಿದ್ದ, ಸುಮ್ಮನಿದ್ದ. ಲಕ್ಷ್ಮಣ ಅಳುತ್ತಲೇ ಅತ್ತಿಗೆಯನ್ನು ಗಂಗೆಯ ಆಚೆ ದಡಕ್ಕೆ ಬಿಟ್ಟು ಬಂದ. ಇಂದ್ರಜಿತುವನ್ನೇ ಕೊಂದ ವೀರನಿಗೆ ಅಣ್ಣನ ಎದುರು ಒಂದು 'ಇಲ್ಲ' ಬಾಯಿಗೆ ಬರಲಿಲ್ಲ.

ನನಗೆ ಅತಿ ಹೆಚ್ಚು ಕಾಡುವವನು ಶತ್ರುಘ್ನ. ಅವನ ಬಗ್ಗೆ ಯಾರೂ ಚರ್ಚೆ ಮಾಡೋದೇ ಇಲ್ಲ. ಲವಣಾಸುರನ ಮೇಲೆ ಯುದ್ಧಕ್ಕೆ ಹೊರಟವನು ಒಂದು ರಾತ್ರಿ ವಾಲ್ಮೀಕಿ ಆಶ್ರಮದಲ್ಲಿ ತಂಗುತ್ತಾನೆ. ಅದೇ ರಾತ್ರಿ ಸೀತೆಗೆ ಅವಳಿ ಮಕ್ಕಳು. ಸುದ್ದಿ ಕೇಳಿ ಸಂತೋಷಪಡುತ್ತಾನೆ, ಬೆಳಗ್ಗೆ ಎದ್ದು ಹೊರಡುತ್ತಾನೆ. 12 ವರ್ಷದ ನಂತರ ವಾಪಸ್ ಬರುವಾಗ ಅದೇ ಆಶ್ರಮದಲ್ಲಿ ಅಣ್ಣನ ಕಥೆ ಹಾಡುವುದನ್ನು ಕೇಳಿ ಕಣ್ಣೀರಾಗುತ್ತಾನೆ. ಜೊತೆಗಿದ್ದ ಸೈನಿಕರು ಇದೇನೆಂದು ವಿಚಾರಿಸಿ ಅಂದರೆ, ಮುನಿಗಳನ್ನು ಹಾಗೆಲ್ಲ ಪ್ರಶ್ನಿಸಬಾರದು ಅಂತಾನೆ. ಅಯೋಧ್ಯೆಗೆ ಹೋದ ಮೇಲೆ 'ಅಣ್ಣಾ, ನಿನಗೆ ಇಬ್ಬರು ಮಕ್ಕಳಿದ್ದಾರೆ' ಅಂತ ಹೇಳಿದ ಅಂತ ವಾಲ್ಮೀಕಿ ಬರೆದಿಲ್ಲ.

ಅಂದರೆ ಆದೇಶ ಕೊಟ್ಟವನು ಒಬ್ಬ, ಪಾಲಿಸಿದವನು ಒಬ್ಬ, ಕೇಳಿಯೂ ಸುಮ್ಮನಿದ್ದವನು ಒಬ್ಬ, ಗೊತ್ತಿದ್ದೂ ಹೇಳದವನು ಒಬ್ಬ. ನಮ್ಮ ಸ್ಟುಡಿಯೋ ಚರ್ಚೆಯಲ್ಲಾದರೆ ಮೊದಲನೆಯವನನ್ನು ಕಟಕಟೆಗೆ ಹತ್ತಿಸಿ ಬ್ರೇಕ್ ತಗೋತೀವಿ. ಆವಣಿಯ ಜನ ನಾಲ್ವರಿಗೂ ಬೇರೆ ಬೇರೆ ಗುಡಿ ಕೊಟ್ಟರು.

ಇದೇ ಸಮಸ್ಯೆ ಕೋಲಾರದಲ್ಲೂ ಇದೆ, ಇನ್ನೂ ಕ್ರೂರವಾಗಿ. ಅಲ್ಲಿನ ಶತಶೃಂಗ ಬೆಟ್ಟಕ್ಕೆ ಪರಶುರಾಮನ ಕಥೆ ಅಂಟಿಕೊಂಡಿದೆ, ಕೋಲಾರಮ್ಮನನ್ನು ರೇಣುಕೆ ಅಂತಲೇ ನಂಬುತ್ತಾರೆ. ತಾಯಿಯನ್ನು ಕೊಲ್ಲು ಅಂತ ಜಮದಗ್ನಿ ಹೇಳಿದಾಗ ನಾಲ್ವರು ಅಣ್ಣಂದಿರು ಕೊಡಲಿ ಎತ್ತಲಿಲ್ಲ, ಶಾಪ ತಿಂದರು. ಪರಶುರಾಮ ಎತ್ತಿದ. ಆಮೇಲೆ ವರ ಕೇಳುವಾಗ ಏನು ಕೇಳಿದ ಗೊತ್ತಾ? ಅಮ್ಮ ಬದುಕಬೇಕು, ತಾನು ಸತ್ತಿದ್ದು ಅವಳಿಗೆ ನೆನಪಿರಬಾರದು. ತನಗೆ ಮರೆವು ಬೇಕು ಅಂತ ಮಾತ್ರ ಕೇಳಲಿಲ್ಲ.

ಆವಣಿಯಲ್ಲಿ ಸೀತೆಯ ಗುಡಿ ಇರುವುದು ಬೆಟ್ಟದ ಮೇಲೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಹರಕೆ ಹೊತ್ತು ಅಲ್ಲಿಗೇ ಹತ್ತುತ್ತಾರೆ. ಶಿವರಾತ್ರಿಯ ದನಗಳ ಜಾತ್ರೆಗೆ ಹೋದಾಗ ನೀವೂ ಹತ್ತಿ. ಹತ್ತುವ ಮೊದಲು ಕೆಳಗೆ ಶತ್ರುಘ್ನೇಶ್ವರನ ಮುಂದೆ ಒಂದು ನಿಮಿಷ ನಿಲ್ಲಿ. ಅಲ್ಲಿ ಸಾಮಾನ್ಯವಾಗಿ ಯಾರೂ ಹೆಚ್ಚು ಹೊತ್ತು ನಿಲ್ಲೋದಿಲ್ಲ.