ಕೋಣೆಯ ಗುಂಯ್‌ಗುಟ್ಟುವಿಕೆಗೂ ಅಳತೆ ಇದೆ!

ಮನೆಗೆ ಸುಣ್ಣ ಬಳಿಯುವಾಗ ಸಾಮಾನುಗಳನ್ನೆಲ್ಲ ಹೊರಗಿಡುತ್ತಾರಲ್ಲವೇ? ಆಗ ಬರಿದಾದ ಕೋಣೆಯಲ್ಲಿ ನಿಂತು ಮಾತನಾಡಿ. ದನಿ ಗುಂಯ್ ಎನ್ನುತ್ತದೆ. ಹಾಸಿಗೆ, ಬಟ್ಟೆಬರೆ ಒಳಗೆ ಬಂದ ಮೇಲೆ ಆ ಸದ್ದು ಮಾಯ! ಅದು ಎಲ್ಲಿ ಹೋಯಿತು?

ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಗಟ್ಟಿ ಗೋಡೆಗೆ ತಾಗಿದರೆ ಚೆಂಡಿನಂತೆ ಪುಟಿಯುತ್ತದೆ. ಹೀಗೆ ಮತ್ತೆ ಮತ್ತೆ ಪುಟಿದ ಶಬ್ದಗಳು ಒಂದರೊಡನೊಂದು ಬೆರೆತು ಸ್ವಲ್ಪ ಹೊತ್ತು ಉಳಿಯುವುದೇ ಅನುರಣನ. ಹಾಸಿಗೆಯ ಹತ್ತಿಯಲ್ಲಿ, ಬಟ್ಟೆಯ ಎಳೆಗಳಲ್ಲಿ ಸಣ್ಣ ಸಣ್ಣ ಸಂದುಗಳಿವೆ. ಅವುಗಳೊಳಗೆ ಹೊಕ್ಕ ಶಬ್ದದ ಶಕ್ತಿ ಘರ್ಷಣೆಯಿಂದ ಶಾಖವಾಗುತ್ತದೆ. ಈ ಶಾಖ ತೀರಾ ಅಲ್ಪ, ಮುಟ್ಟಿದರೆ ತಿಳಿಯದು.

ಇದನ್ನು ಮೊದಲು ಚೆನ್ನಾಗಿ ಅಳೆದವರು ಅಮೆರಿಕದ ವ್ಯಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಪಾಠವೇ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಉಳಿದು ಮುಂದಿನ ಮಾತುಗಳನ್ನು ನುಂಗುತ್ತಿತ್ತು. ಸಬೀನ್ ಊರಿನ ಗದ್ದಲ ಅಡಗಿದ ನಡುರಾತ್ರಿಯಲ್ಲಿ ಆರ್ಗನ್ ವಾದ್ಯದ ಕೊಳವೆಯನ್ನು ನುಡಿಸಿ, ನಿಲ್ಲಿಸಿ, ದನಿ ಪೂರ್ತಿ ಅಡಗುವವರೆಗಿನ ಕಾಲವನ್ನು ಅಳೆದರು. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ತರಿಸಿ ಹರಡಿದಂತೆಲ್ಲ ಆ ಕಾಲ ಇಳಿಯುತ್ತಾ ಬಂತು. ಕೊನೆಗೆ ಒಂದು ಸೆಕೆಂಡಿನ ಸಮೀಪಕ್ಕೆ ಬಂತು! ತಾವು ತೊಟ್ಟ ಬಟ್ಟೆಯೂ ಶಬ್ದವನ್ನು ಹೀರುವುದು ಅವರಿಗೆ ಗೊತ್ತಾಯಿತು. ಆಮೇಲೆ ಪ್ರತಿ ಪ್ರಯೋಗಕ್ಕೂ ಅದೇ ಉಡುಪು ತೊಡುತ್ತಿದ್ದರು. ಎಂಥ ಎಚ್ಚರ ನೋಡಿ!

ಈಗ ಮನೆಯ ಸ್ಪೀಕರುಗಳಿಗಾಗಿಯೂ ಕೋಣೆಯನ್ನು ಅಳೆಯುತ್ತಾರೆ. ನಾವು ಕೂರುವ ಜಾಗದಲ್ಲಿ ಮೈಕ್ ಇಟ್ಟು, ಸ್ಪೀಕರಿನಿಂದ ತಗ್ಗು ಸ್ವರದಿಂದ ಕೀಚಲು ಸ್ವರದವರೆಗೆ ಏರುತ್ತಾ ಹೋಗುವ ದನಿ ನುಡಿಸುತ್ತಾರೆ. ಯಾವ ಸ್ವರ ಎಷ್ಟು ಜೋರಾಗಿ ತಲುಪಿತು, ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಕಂಪ್ಯೂಟರ್ ಗೆರೆ ಎಳೆದು ತೋರಿಸುತ್ತದೆ. ಎದುರುಬದುರು ಗೋಡೆಗಳ ನಡುವೆ ಕೆಲವು ತಗ್ಗು ಸ್ವರಗಳು ಒಂದು ಕಡೆ ಜೋರಾಗಿ, ಇನ್ನೊಂದು ಕಡೆ ಮೆಲ್ಲಗೆ ಕೇಳಿಸುತ್ತವೆ. ಜೋರಾದ ಸ್ವರವನ್ನು ಸ್ಪೀಕರಿಗೆ ಹೋಗುವ ಮೊದಲೇ ತಗ್ಗಿಸಿದರೆ ಹಾಡು ಹದವಾಗುತ್ತದೆ. ಆದರೆ ಗುಂಯ್‌ಗುಡುವ ಬರಿ ಕೋಣೆಗೆ ಕಂಪ್ಯೂಟರಿಗಿಂತ ದಪ್ಪ ಜಮಖಾನೆಯೇ ಮೇಲು!

ಮಾಡಿ ನೋಡಿ: ಯಾರೂ ಇಲ್ಲದ ತರಗತಿಯಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಕಣ್ಣು ಮುಚ್ಚಿ ಕೇಳಿ. ಎಲ್ಲರೂ ಬಂದು ಸದ್ದಿಲ್ಲದೆ ಕುಳಿತಾಗ ಅದೇ ಜಾಗದಲ್ಲಿ ಮತ್ತೆ ತಟ್ಟಿ. ಯಾವಾಗ ಸದ್ದು ಬೇಗ ಅಡಗಿತು? ಅದನ್ನು ಹೀರಿದವರು ಯಾರು?