ನಿಮಗಿದು ಗೊತ್ತೆ? 2,14,74,83,647 ಎಂಬ ಅಪರೂಪದ ಸಂಖ್ಯೆ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ಎರಡನ್ನು 31 ಸಲ ಬರೆದು ಗುಣಿಸಿ, ಒಂದು ಕಳೆದರೆ ಸಿಗುವ ಸಂಖ್ಯೆಯಿದು. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು. ಅಂದರೆ ಅವಿಭಾಜ್ಯ.

ಇದನ್ನು ಸಾಧಿಸಿ ತೋರಿಸಿದವನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್, 1772ರಲ್ಲಿ. ಆಗ ಅವನ ದೃಷ್ಟಿ ಬಹುಪಾಲು ಹೋಗಿತ್ತು! ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವೊಂದು ಇರುವುದಾದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕೆಂದು ಅವನು ಕಂಡುಕೊಂಡ. ವರ್ಗಮೂಲವಾದ ಸುಮಾರು 46,340ರವರೆಗೆ ಅಂಥವನ್ನಷ್ಟೇ ಪರೀಕ್ಷಿಸಿದರೆ ಸಾಕಾಯಿತು. ಲೆಕ್ಕಕ್ಕಿಂತ ಮೊದಲು ಯೋಚನೆ ಮಾಡುವುದೆಂದರೆ ಇದೇ. ಮುಂದೆ ಬಹುಕಾಲ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು.

ಇದನ್ನು ಎರಡರ 30ನೇ ಘಾತದಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆಯೊಂದು ಸಿಗುತ್ತದೆ: 6 ಮತ್ತು 28ರಂತೆ, ತನಗಿಂತ ಚಿಕ್ಕ ಭಾಜಕಗಳನ್ನೆಲ್ಲ ಕೂಡಿದರೆ ಅದೇ ಸಂಖ್ಯೆ.

ಧನ, ಋಣ ಸಂಖ್ಯೆಗಳೆರಡನ್ನೂ ಬಳಸುವ 32 ಬಿಟ್‌ಗಳ ಕಂಪ್ಯೂಟರ್ ಲೆಕ್ಕದಲ್ಲಿ ಧನ ಸಂಖ್ಯೆಗಳ ಗರಿಷ್ಠ ಮಿತಿಯೂ 2,14,74,83,647. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಹೀಗೆ ಎಣಿಸುತ್ತಿರುವ ಹಳೆಯ ಯಂತ್ರಗಳು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಮಿತಿಯನ್ನು ಮುಟ್ಟುತ್ತವೆ.