ಮೋಡಕ್ಕೆ ಹೋಗುವ ಮುನ್ನ

ಈಚೆಗೆ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಸಹಕಾರ ಸಂಘಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ನಮ್ಮ ಲೆಕ್ಕವನ್ನೆಲ್ಲ ಕ್ಲೌಡಿಗೆ ಹಾಕಿಬಿಡುತ್ತೇವೆ." ಕ್ಲೌಡ್ ಎಂದರೆ ಮೋಡ. ಹೆಸರು ಕೇಳಿದವರಿಗೆ ಕಾಗದಪತ್ರಗಳೆಲ್ಲ ಆವಿಯಾಗಿ ಮೇಲೆ ತೇಲುತ್ತವೆಯೋ ಎನಿಸಿದರೆ ಆಶ್ಚರ್ಯವಿಲ್ಲ. ನಿಜವಾಗಿ ಅಲ್ಲಿರುವುದು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಒಂದು ಭಾರಿ ಕಟ್ಟಡ. ಒಳಗೆ ಸಾಲುಸಾಲಾಗಿ ಕಂಪ್ಯೂಟರುಗಳು, ಅವನ್ನು ತಣ್ಣಗಿಡುವ ಯಂತ್ರಗಳು, ಬಾಗಿಲಲ್ಲಿ ಕಾವಲು. ನಮ್ಮ ಕಚೇರಿಯ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಸರ್ವರು ಮಾಡುತ್ತಿದ್ದ ಕೆಲಸವನ್ನು ಆ ಕಟ್ಟಡದ ಯಂತ್ರಗಳಿಗೆ ಒಪ್ಪಿಸಿ, ಬಳಸಿದಷ್ಟಕ್ಕೆ ಬಾಡಿಗೆ ತೆರುವುದು, ಇಷ್ಟೇ ವಿಷಯ. ಅಮೆಜಾನ್ ಸಂಸ್ಥೆ ಈ ಬಾಡಿಗೆಯ ವ್ಯಾಪಾರವನ್ನು 2006ರಲ್ಲಿ ತೆರೆಯಿತು. 2016ರಲ್ಲಿ ಮುಂಬಯಿಯಲ್ಲಿಯೂ ಅಂಗಡಿ ಹೂಡಿತು. ನಮ್ಮ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗಾಗಿ ಮಾಡಿಕೊಂಡ ವ್ಯವಸ್ಥೆಗೆ 'ಮೇಘರಾಜ' ಎಂದು ಹೆಸರಿಟ್ಟಿದೆ. ಹೆಸರಿಡುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ.

ರಾಬರ್ಟ್‌ಸನ್‌ಪೇಟೆಯವರಿಗೆ ಈ ಕಥೆಯ ಅರ್ಧಭಾಗ ಪರಿಚಿತವೇ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕೋಲಾರದ ಚಿನ್ನದ ಗಣಿಗಳಲ್ಲಿ ಪ್ರತಿಯೊಂದು ಕಂಪನಿಯೂ ತನ್ನ ಶಕ್ತಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಅವರವರ ಬಾಯ್ಲರು, ಅವರವರ ಉಗಿಯಂತ್ರ, ಅವರವರ ಸೌದೆ ಕಲ್ಲಿದ್ದಲಿನ ರಾಶಿ. ಆಗ ಮೈಸೂರು ಸರ್ಕಾರದಲ್ಲಿದ್ದ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅವರು ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಗಣಿಗಳಿಗೆ ಮಾರಬಹುದೆಂದು ಸೂಚಿಸಿದರು; ದಿವಾನ್ ಶೇಷಾದ್ರಿ ಅಯ್ಯರ್ ಒಪ್ಪಿದರು. 1902ರ ಜೂನ್ 30ರಂದು 92 ಮೈಲಿ ದೂರದಿಂದ ತಂತಿಯ ಮೇಲೆ ಶಕ್ತಿ ಹರಿದುಬಂದಿತು. ಅಷ್ಟು ಉದ್ದದ ತಂತಿಮಾರ್ಗ ಆಗ ಜಗತ್ತಿನಲ್ಲಿಯೇ ಅಪರೂಪ. ಗಣಿಗಳಿಗೆಂದು ಹುಟ್ಟಿದ ಈ ಸ್ಥಾವರದಿಂದಲೇ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂದುವು. ಒಬ್ಬೊಬ್ಬರೂ ಒಂದೊಂದು ಯಂತ್ರ ಸಾಕುವುದಕ್ಕಿಂತ ದೊಡ್ಡದೊಂದನ್ನು ಹತ್ತಾರು ಮಂದಿ ಹಂಚಿಕೊಂಡರೆ ಅಗ್ಗ. ಕ್ಲೌಡಿನ ಹಿಂದಿರುವ ಅರ್ಥಶಾಸ್ತ್ರವೂ ಇದೇ.

ಆ ಬದಲಾವಣೆ ಕಣ್ಣುಮುಚ್ಚಿ ಆದದ್ದಲ್ಲ ಎಂಬುದನ್ನು ಗಮನಿಸಬೇಕು. ಕಟ್ಟಡ ಏಳುವ ಮೊದಲೇ ಗಣಿಗಳ ವ್ಯವಸ್ಥಾಪಕರಾದ ಜಾನ್ ಟೇಲರ್ ಅಂಡ್ ಸನ್ಸ್ ಎಷ್ಟು ಅಶ್ವಶಕ್ತಿ ಬೇಕು, ಎಷ್ಟು ವರ್ಷಕ್ಕೆ, ಯಾವ ದರದಲ್ಲಿ ಎಂದು ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಂಡಿದ್ದರು. ತಮಗೆ ಬೇಕಾದ್ದೆಷ್ಟು ಎಂಬ ಲೆಕ್ಕ ಅವರ ಕೈಯಲ್ಲಿತ್ತು. ಇಂದು ಕ್ಲೌಡಿಗೆ ಹೊರಡುವ ಸಂಸ್ಥೆಗಳಲ್ಲಿ ಹೆಚ್ಚಿನವು ಎಡವುವುದು ಈ ಮೊದಲ ಮೆಟ್ಟಿಲಿನಲ್ಲಿಯೇ.

ಊರಿನಲ್ಲಿ ಒಂದು ಪತ್ತಿನ ಸಹಕಾರ ಸಂಘವಿದೆಯೆಂದು ಇಟ್ಟುಕೊಳ್ಳೋಣ. ನೀವೂ ನಾನೂ ಅದರಲ್ಲಿ ಠೇವಣಿ ಇಟ್ಟಿದ್ದೇವೆ, ಪಕ್ಕದ ಮನೆಯವರು ಒಡವೆ ಇಟ್ಟು ಸಾಲ ತೆಗೆದಿದ್ದಾರೆ. ಸಂಘದ ಕಾರ್ಯದರ್ಶಿಗಳನ್ನು "ನಿಮ್ಮಲ್ಲಿ ಏನೇನು ಕಂಪ್ಯೂಟರಿನಲ್ಲಿದೆ?" ಎಂದು ಕೇಳಿದರೆ ಸದಸ್ಯರ ಖಾತೆ, ಸಾಲದ ಲೆಕ್ಕ ಎಂದು ಎರಡು ಹೇಳುತ್ತಾರೆ. ಕುಳಿತು ಪಟ್ಟಿ ಮಾಡಿದರೆ ಇಪ್ಪತ್ತು ಹೊರಡುತ್ತವೆ. ಸಿಬ್ಬಂದಿಯ ಸಂಬಳದ ಲೆಕ್ಕ ಒಬ್ಬರ ಮೇಜಿನ ಯಂತ್ರದಲ್ಲಿ. ಒಡವೆಯ ತೂಕದ ವಿವರ ಇನ್ನೊಬ್ಬರಲ್ಲಿ. ಹತ್ತು ವರ್ಷದ ಹಿಂದೆ ಯಾರೋ ಬರೆದುಕೊಟ್ಟ ಬಡ್ಡಿಯ ಪ್ರೋಗ್ರಾಮು ಯಾರಿಗೂ ಅರ್ಥವಾಗದಿದ್ದರೂ ದಿನಾ ಸಂಜೆ ಓಡುತ್ತದೆ. ಒಂದು ಇನ್ನೊಂದನ್ನು ನೆಚ್ಚಿಕೊಂಡಿದೆ. ಯಾವುದು ಯಾವುದರ ಕೈ ಹಿಡಿದಿದೆ ಎಂದು ಬರೆದುಕೊಳ್ಳದೆ ಒಂದನ್ನು ಎತ್ತಿದರೆ ಮತ್ತೊಂದು ಉರುಳುತ್ತದೆ. ಬೇಸರದ ಕೆಲಸ, ನಿಜ. ವಾರಗಟ್ಟಲೆ ಹಿಡಿದೀತು. ಆದರೂ ಮಾಡಬೇಕು.

ಪಟ್ಟಿಯಾದ ಮೇಲೆ ಯಾವುದು ಮೊದಲು ಹೋಗಬೇಕೆಂಬ ಪ್ರಶ್ನೆ. ನಿಂತರೂ ಸದಸ್ಯರಿಗೆ ತೊಂದರೆಯಾಗದ ಚಿಕ್ಕ ಕೆಲಸವೊಂದನ್ನು ಮುಂದೆ ಕಳಿಸಿ ನೋಡುವುದು ಜಾಣತನ. ಠೇವಣಿಯ ಖಾತೆ ಕೊನೆಗಿರಲಿ. ಕೆಲವನ್ನು ಕಳಿಸುವ ಅಗತ್ಯವೇ ಇರುವುದಿಲ್ಲ. ಗಣಿಗಳಲ್ಲಿಯೂ ವಿದ್ಯುತ್ತು ಬಂದ ಮರುದಿನವೇ ಉಗಿಯಂತ್ರಗಳೆಲ್ಲ ಮಾಯವಾಗಲಿಲ್ಲ.

ಇನ್ನು ಖರ್ಚಿನ ಮಾತು. ಸ್ವಂತ ಸರ್ವರಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು; ಕ್ಲೌಡಿನಲ್ಲಿ ಮೀಟರು ತಿರುಗುತ್ತಿರುತ್ತದೆ. ಪರೀಕ್ಷೆಗೆಂದು ತೆರೆದ ಯಂತ್ರವನ್ನು ಮುಚ್ಚಲು ಮರೆತರೆ, ನಲ್ಲಿ ಬಿಟ್ಟು ಮಲಗಿದ ಹಾಗೆ, ರಾತ್ರಿಯೆಲ್ಲ ಬಿಲ್ಲು ಏರುತ್ತದೆ. ಪರೀಕ್ಷೆಯ ಫಲಿತಾಂಶ ಪ್ರಕಟಿಸುವ ಕಚೇರಿಗೆ ವರ್ಷದಲ್ಲಿ ಎರಡು ದಿನ ನೂರು ಯಂತ್ರ ಬೇಕು, ಉಳಿದ ದಿನ ಒಂದು ಸಾಕು. ಅಂಥವರಿಗೆ ಕ್ಲೌಡ್ ನಿಶ್ಚಯವಾಗಿಯೂ ಲಾಭ. ವರ್ಷವಿಡೀ ಒಂದೇ ಸಮನಾಗಿ ಕೆಲಸವಿರುವವರಿಗೆ ಬಾಡಿಗೆ ದುಬಾರಿಯಾಗುವುದೂ ಉಂಟು. ಮಾರಲು ಬಂದವರು ಈ ಎರಡನೆಯದನ್ನು ತಾವಾಗಿ ಹೇಳುವುದಿಲ್ಲ.

ಶಿವನಸಮುದ್ರದ ಹೋಲಿಕೆ ಇಲ್ಲಿಯವರೆಗೆ ಸರಿ. ಮುಂದೆ ಅದು ಕೈಕೊಡುತ್ತದೆ. ಬೇಸಗೆಯಲ್ಲಿ ಕಾವೇರಿ ಇಳಿದರೆ ಅಲ್ಲಿ ಶಕ್ತಿಯೂ ಕುಗ್ಗುತ್ತಿತ್ತು. ಗಣಿಗಳಿಗೆ ತಪ್ಪದೆ ವಿದ್ಯುತ್ತು ಒದಗಿಸಬೇಕೆಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆ ಆರಂಭವಾಗಲು ಒಂದು ಮುಖ್ಯ ಕಾರಣ. ಆದರೆ ಒಂದು ಯೂನಿಟ್ ವಿದ್ಯುತ್ತು ಇನ್ನೊಂದರಂತೆಯೇ. ಇಂದು ನಿಂತರೆ ನಾಳೆ ಬಂದದ್ದು ಅದೇ ಕೆಲಸ ಮಾಡುತ್ತದೆ. ಲೆಕ್ಕ ಹಾಗಲ್ಲ. ನಿಮ್ಮ ಠೇವಣಿಯ ಸಾಲು ಅಳಿಸಿಹೋದರೆ ಜಗತ್ತಿನ ಬೇರೆ ಯಾವ ಸಾಲೂ ಅದರ ಬದಲಿಗೆ ನಿಲ್ಲಲಾರದು. ಆದ್ದರಿಂದ ಯಂತ್ರವನ್ನು ಬಾಡಿಗೆಗೆ ತರುವುದು ಬೇರೆ, ಲೆಕ್ಕವನ್ನು ಪರರ ಕೈಗೆ ಕೊಡುವುದು ಬೇರೆ.

ಆಸ್ಟ್ರೇಲಿಯದಲ್ಲಿ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯಿದೆ. ಸದಸ್ಯರು ಆರು ಲಕ್ಷಕ್ಕೂ ಮೇಲು. ಅದರ ಲೆಕ್ಕ ಗೂಗಲ್ ಸಂಸ್ಥೆಯ ಕ್ಲೌಡಿನಲ್ಲಿತ್ತು. ವ್ಯವಸ್ಥೆ ಮಾಡುವಾಗ ಒಂದು ಅಂಕಣ ಖಾಲಿ ಉಳಿದಿತ್ತು. ಯಂತ್ರ ಅದನ್ನು ಒಂದು ವರ್ಷದ ಅವಧಿ ಎಂದು ತಿಳಿದುಕೊಂಡಿತು. 2024ರ ಮೇ ತಿಂಗಳಲ್ಲಿ ಅವಧಿ ತುಂಬಿದಾಗ ಯಾರನ್ನೂ ಕೇಳದೆ ಆ ವ್ಯವಸ್ಥೆಯನ್ನು ಅಳಿಸಿಹಾಕಿತು. ಎರಡು ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿಯಿದ್ದರೂ ಎರಡೂ ಹೋದುವು, ಏಕೆಂದರೆ ಎರಡೂ ಒಂದೇ ಖಾತೆಯ ಅಧೀನದಲ್ಲಿದ್ದುವು. ಒಂದು ವಾರದಷ್ಟು ಕಾಲ ಸದಸ್ಯರಿಗೆ ತಮ್ಮ ಖಾತೆ ಕಾಣಲಿಲ್ಲ. ಲೆಕ್ಕ ಮರಳಿ ಬಂದದ್ದಕ್ಕೆ ಒಂದು ಮುಖ್ಯ ಕಾರಣ, ಇನ್ನೊಂದು ಸಂಸ್ಥೆಯಲ್ಲಿಯೂ ಒಂದು ಪ್ರತಿಯನ್ನು ಇಟ್ಟಿದ್ದ ಮುಂಜಾಗ್ರತೆ. ನಮ್ಮ ಸಣ್ಣ ಸಂಘವೂ ಅಷ್ಟು ಮಾಡಬಹುದು: ಒಂದು ಪ್ರತಿ ಕ್ಲೌಡಿನಲ್ಲಿ, ಒಂದು ಮತ್ತೊಬ್ಬರಲ್ಲಿ, ಒಂದು ತನ್ನದೇ ಕಬ್ಬಿಣದ ಬೀರುವಿನಲ್ಲಿ. ಬೀರುವಿನ ಪ್ರತಿಯನ್ನು ಆಗಾಗ ತೆರೆದು, ಅದರಿಂದ ನಾಲ್ಕು ಖಾತೆಯನ್ನಾದರೂ ಓದಲು ಬರುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದ ಹಾಗೆ.

ಸಾಗಿಸುವ ದಿನದ ಬಗ್ಗೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಅದು ಕ್ಲೌಡಲ್ಲ, ಭೂಮಿ ಯೋಜನೆ. ಸುಮಾರು ಎರಡು ಕೋಟಿ ಪಹಣಿಗಳನ್ನು ಗ್ರಾಮಲೆಕ್ಕಿಗರ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸಿದರು. ಏರಿಸಿದ್ದನ್ನು ಅಚ್ಚುಹಾಕಿ ಅದೇ ಲೆಕ್ಕಿಗರ ಕೈಗೆ ಕೊಟ್ಟು ತಾಳೆ ನೋಡಿಸಿದರು. ತಾಳೆ ಮುಗಿದ ತಾಲ್ಲೂಕಿನಲ್ಲಿ ಅಲ್ಲಿಂದ ಮುಂದೆ ಕೈಬರಹದ ಪಹಣಿ ಚಲಾವಣೆಯಲ್ಲಿಲ್ಲ ಎಂದು ಸಾರಿದರು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳೆಲ್ಲ ಹೀಗೆ ಬದಲಾದುವು. ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಹಳೆಯದನ್ನು ಬಲ್ಲವರಿಂದಲೇ ಹೊಸದನ್ನು ಪರೀಕ್ಷೆ ಮಾಡಿಸಿದ್ದು ಒಂದು. ಹಳೆಯದೂ ಹೊಸದೂ ಅನಿರ್ದಿಷ್ಟವಾಗಿ ಜೊತೆಗೆ ನಡೆಯಲು ಬಿಡದೆ ಗಡುವು ಹಾಕಿದ್ದು ಇನ್ನೊಂದು. ಎರಡು ಪುಸ್ತಕಗಳಲ್ಲಿ ಎರಡು ಮೊತ್ತ ಕಂಡರೆ ಸದಸ್ಯನಿಗೆ ಯಾವುದನ್ನು ನಂಬಬೇಕೆಂದು ಹೇಳುವವರಾರು?

ಎಲ್ಲಕ್ಕಿಂತ ಕಡಮೆ ಯೋಚಿಸುವ ಸಂಗತಿ, ಹಿಂದಿರುಗುವ ದಾರಿ. ದರ ಏರಬಹುದು, ಕೊಡುವವರು ಅಂಗಡಿ ಮುಚ್ಚಬಹುದು. ಇದ್ದ ಒಂದೇ ಆಶ್ರಯ ಹೋದರೆ ಏನಾಗುತ್ತದೆಂದು 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದನ್ನು ಕಂಡ ಈ ಊರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಕರಾರಿಗೆ ರುಜು ಹಾಕುವ ಮೊದಲೇ ಸಂಘದವರು ಕೇಳಬೇಕು: ನಾವು ಬಿಟ್ಟುಹೋಗುವುದಾದರೆ ನಮ್ಮ ಲೆಕ್ಕವನ್ನು ಎಷ್ಟು ದಿನದಲ್ಲಿ, ಯಾವ ರೂಪದಲ್ಲಿ, ಎಷ್ಟು ಹಣಕ್ಕೆ ಹಿಂದೆ ಕೊಡುತ್ತೀರಿ? ಆ ರೂಪವನ್ನು ಬೇರೆಯವರ ಯಂತ್ರ ಓದೀತೇ? ಇದಕ್ಕೆ ಕಾಗದದ ಮೇಲೆ ಉತ್ತರ ಬರುವ ತನಕ ಮೂಲೆಯ ಹಳೆಯ ಸರ್ವರನ್ನು ಗುಜರಿಗೆ ಕೊಡಬಾರದು.